ಪಡುದಿಕ್ಕಿನ ಕೋಣೆಯ ಗಾಜು

೧೯೮೩ರ ಎಪ್ರಿಲ್. ಕಾಪುವಿನ ಕುಂಞಿಪಾತುಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು; ಸೆಕೆಗಿಂತ ಸಿಟ್ಟೇ ಹೆಚ್ಚು. ಮಗಳು ಮೆಹರುನ್ನಿಸಾ ಹೆತ್ತು ತಿಂಗಳಾಗಿರಲಿಲ್ಲ. ಬಾಣಂತಿಗೆ ಕೊಟ್ಟದ್ದು ಹೊಸ ಮನೆಯ ಪಡುದಿಕ್ಕಿನ ಕೋಣೆ. ಅಲ್ಲಿ ಅರ್ಧ ಗೋಡೆ ಬರೀ ಗಾಜು. ಅದನ್ನು ತೆರೆಯುವಂತಿಲ್ಲ, ಮೇಲೆ ನೆರಳಿಗೊಂದು ಸಜ್ಜೆಯೂ ಇಲ್ಲ. ಮಗುವಿನ ಮೈ ಕೆಂಡದ ಹಾಗೆ ಕಾದು, ಅದು ಹಾಲು ಕುಡಿಯುವುದನ್ನೇ ಬಿಟ್ಟಿತ್ತು.

ನೋಡಲು ಬಂದ, ಬರ್ತಾ ಎಂಬ ಹೆಸರಿನ ದಾದಿ ಒಂದು ಕ್ಷಣವೂ ಕಾಯಲಿಲ್ಲ. ಕಾರು ತರಿಸಿ ಮಗುವನ್ನು ಮಣಿಪಾಲಕ್ಕೆ ಸಾಗಿಸಿದರು. ಮಗು ಬದುಕಿತು. ಅದರ ಮೈ ಕಾದದ್ದಕ್ಕೆ ಕೋಣೆಯ ಸೆಕೆಯೇ ಕಾರಣ ಎಂದು ಡಾಕ್ಟರು ಹೇಳಿ ಕಳುಹಿಸಿದರು.

ಮನೆ ಕಟ್ಟಿಸಿದ ಮಗ ಜಮಾಲುದ್ದೀನ್ ದುಬಾಯಿಯಿಂದ ರಜೆಗೆ ಬಂದಿದ್ದ. ಅವನು ಮಾತ್ರ ಒಪ್ಪಲಿಲ್ಲ. ದುಬಾಯಿಯಲ್ಲಿ ಎಲ್ಲ ಕಟ್ಟಡಕ್ಕೂ ಇಂಥದೇ ಗಾಜು, ಒಳಗೆ ತಣ್ಣಗೆ ಇರುತ್ತದೆ, ಇಲ್ಲಿ ದಪ್ಪ ಪರದೆಯನ್ನೂ ಹಾಕಿಸಿದ್ದೇನೆ ಎಂದು ವಾದಿಸಿದ.

"ಅಲ್ಲಿ ಏಸಿ ಉಂಟು. ಇಲ್ಲಿ ಎಂತ ಉಂಟು?" ಎಂದರು ಬರ್ತಾ. "ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಪರದೆ ಎಳೆದು ಪ್ರಯೋಜನ ಇಲ್ಲ. ಅದನ್ನು ಹೊರಗೇ ತಡೆಯಬೇಕು. ಗಾಳಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗಬೇಕು."

ಬಾಣಂತಿಗೆ ಗಾಳಿ ತಾಗಬಾರದೆಂದು ಬಾಗಿಲನ್ನೂ ಮುಚ್ಚಿಸಿದ್ದು ತಾನೇ ಎಂಬುದು ಕುಂಞಿಪಾತುಮ್ಮನನ್ನು ಚುಚ್ಚಿತು. ಗಾಳಿಯಿಂದ ಬಾಣಂತಿಗೆ ಕೇಡಿಲ್ಲ ಎಂದು ಬರ್ತಾ ಹೇಳಿದಾಗ ತನ್ನ ಮೇಲೆ ಬಂದ ಸಿಟ್ಟೂ ಮಗನ ಮೇಲೆಯೇ ತಿರುಗಿತು.

"ನಿನ್ನ ಗಾಜನ್ನು ಊರವರು ಹೊರಗಿನಿಂದ ನೋಡ್ತಾರೆ. ಒಳಗೆ ಬೇಯುವುದು ನಿನ್ನ ತಂಗಿ. ಹೋಗು, ಬಾಗಿಲು ಹಾಕಿಕೊಂಡು ಅದೇ ಮಂಚದಲ್ಲಿ ಮಲಗು. ಎದ್ದು ಬಂದ ಮೇಲೆ ಮಾತಾಡುವ."

ಹಟಕ್ಕೆ ಬಿದ್ದು ಮಧ್ಯಾಹ್ನ ಹೋದವನು, ನಾಲ್ಕು ಗಂಟೆ ಹೊತ್ತಿನ ಅಸರ್ ನಮಾಜಿನ ಬಾಂಗ್ ಆಗುವ ಮೊದಲೇ ಅಂಗಿ ಪೂರ್ತಿ ಒದ್ದೆಯಾಗಿ ಹೊರಬಂದ. ಉಮ್ಮನ ಮುಖ ನೋಡದೆ ಬಡಗಿ ಸುಂದರನಿಗೆ ಹೇಳಿಕಳುಹಿಸಿದ.

ಸುಂದರ ಗಾಜು ಕಿತ್ತು, ತೆರೆದು ಮುಚ್ಚುವ ಮರದ ಕಿಟಕಿ ಕೂರಿಸಿದ. ಎದುರು ಗೋಡೆಗೂ ಒಂದು ಕಿಟಕಿ ಇಟ್ಟ. ಸಜ್ಜೆ ಆಗುವವರೆಗೆ ಹೊರಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿದರು. ಮಗು ಮಧ್ಯಾಹ್ನವೂ ನಿದ್ದೆ ಮಾಡತೊಡಗಿತು. ಕುಂಞಿಪಾತುಮ್ಮನ ಸಿಟ್ಟು ಮಾತ್ರ ಇಳಿಯಲಿಲ್ಲ. ಮಗುವನ್ನು ನೋಡಲು ಬಂದವರಿಗೆಲ್ಲ ಅವಳು ಮೊದಲು ತೋರಿಸುತ್ತಿದ್ದುದು ಕಿಟಕಿಯನ್ನೇ.

ನೀವೂ ಮನೆ ಕಟ್ಟಿಸುತ್ತಿದ್ದೀರಾ? ಚಂದ ಆಮೇಲೆ ನೋಡಿ. ಪಡುವಣದ ಬಿಸಿಲು ಯಾವ ಕಿಟಕಿಗೆ ಬೀಳುತ್ತದೆ, ಅದಕ್ಕೆ ಹೊರಗಿನಿಂದ ನೆರಳು ಉಂಟೋ, ಅದು ತೆರೆಯುತ್ತದೋ ಎಂದು ಮೇಸ್ತ್ರಿಯನ್ನು ಈಗಲೇ ಕೇಳಿ. ಸೆಕೆಯಾಗುತ್ತದೆ ಎಂದು ಹೇಳಲು ಎಳೆಗೂಸಿಗೆ ಮಾತು ಬರುವುದಿಲ್ಲ. ಅದರ ಪರವಾಗಿ ನೀವೇ ಬಾಯಿಬಿಡಬೇಕು.