ಒಂದನೇ ನಂಬರಿನ ಹುಡುಗಿ

ಡ್ರಿಲ್ ಮೇಷ್ಟ್ರು ಚೀಟಿಯನ್ನು ಒಮ್ಮೆ ದೂರ ಹಿಡಿದು ಓದಿದರು, ಇನ್ನೊಮ್ಮೆ ಮೂಗಿನ ಹತ್ತಿರ ತಂದು ಓದಿದರು. ಹೇಗೆ ಓದಿದರೂ ಅದೇ. ಎದುರು ಶಾಲೆಯ ಜಡೆ ಹುಡುಗಿ, ನಾಲ್ಕು ವರ್ಷದಿಂದ ಇವರ ಶಾಲೆಯ ಯಾರಿಗೂ ಸೋತು ಗೊತ್ತಿಲ್ಲದ ಆ ಹುಡುಗಿ, ಎರಡನೇ ನಂಬರಿನಲ್ಲಿದ್ದಳು. ಒಂದನೇ ನಂಬರಿನಲ್ಲಿ ದಪ್ಪ ಕನ್ನಡಕದ ಹುಡುಗಿಯ ಹೆಸರಿತ್ತು. ಹೋದ ವರ್ಷ ಆ ಹುಡುಗಿ ತನ್ನ ಶಾಲೆಯವರಿಗೆ ನೀರಿನ ಬಾಟಲಿ ಹೊತ್ತುಕೊಂಡು ಬಂದಿದ್ದು ಮೇಷ್ಟ್ರಿಗೆ ಚೆನ್ನಾಗಿ ನೆನಪಿತ್ತು.

ಶಾಲೆಗಳ ಟೆನಿಸಿನಲ್ಲಿ ಆಟಕ್ಕೆ ಮೊದಲು ಎರಡೂ ಕಡೆಯ ಮೇಷ್ಟ್ರುಗಳು ತಮ್ಮ ಹುಡುಗಿಯರ ಹೆಸರನ್ನು ಬಲದ ಪ್ರಕಾರ ಬರೆದು ಚೀಟಿ ಬದಲಾಯಿಸಿಕೊಳ್ಳಬೇಕು. ಗಟ್ಟಿ ಆಟಗಾರ್ತಿ ಒಂದನೇ ನಂಬರು, ಅವಳಿಗಿಂತ ಕಡಿಮೆಯವಳು ಎರಡನೇ ನಂಬರು. ಒಂದಕ್ಕೆ ಒಂದು ಆಡಬೇಕು, ಎರಡಕ್ಕೆ ಎರಡು. ಇವೆರಡರ ಜೊತೆಗೆ ಒಂದು ಡಬಲ್ಸ್. ಮೂರರಲ್ಲಿ ಎರಡು ಗೆದ್ದ ಶಾಲೆಗೆ ಕಪ್. ಬರೆದದ್ದು ನಿಜವೋ ಸುಳ್ಳೋ ಎಂದು ನೋಡುವವರು ಯಾರೂ ಇಲ್ಲ, ಅದು ಮೇಷ್ಟ್ರುಗಳ ಮರ್ಯಾದೆಗೆ ಬಿಟ್ಟದ್ದು. ಹದಿನೇಳು ವರ್ಷ ಇಬ್ಬರೂ ಆ ಮರ್ಯಾದೆ ಉಳಿಸಿಕೊಂಡು ಬಂದಿದ್ದರು. ಹದಿನೇಳು ವರ್ಷವೂ ಡ್ರಿಲ್ ಮೇಷ್ಟ್ರು ಸೋತಿದ್ದರು.

ಬರುವ ವರ್ಷ ಅವರಿಗೆ ನಿವೃತ್ತಿ. ಮೊಣಕಾಲು ಈಗಾಗಲೇ ನಿವೃತ್ತಿಯಾಗಿತ್ತು. ಬೆಳಗಿನ ಪ್ರಾರ್ಥನೆಯ ಸಾಲು ನಿಲ್ಲಿಸುವುದು, ಗಂಟೆ ಸರಿಯಾಗಿ ಹೊಡೆಯಿತೇ ನೋಡುವುದು, ಯಾವ ಟೀಚರ್ ರಜೆ ಹಾಕಿದರೂ ಅವರ ಕ್ಲಾಸಿನಲ್ಲಿ ಹೋಗಿ ಕೂತು "ಸದ್ದು, ಸದ್ದು" ಎನ್ನುವುದು, ಇವೆಲ್ಲ ಮಾಡಿ ಮಾಡಿ ಅವರಿಗೆ ಸಾಕು ಸಾಕಾಗಿತ್ತು. ಟೆನಿಸ್ ಮುಗಿದ ಮಾರನೆಯ ದಿನ ಆಫೀಸಿನ ಗುಮಾಸ್ತ ತಲೆ ಎತ್ತದೆಯೇ "ಈ ಸಲ ಎಷ್ಟರಲ್ಲಿ ಹೋಯ್ತು ಮೇಷ್ಟ್ರೇ?" ಎಂದು ಕೇಳುತ್ತಿದ್ದ. ಗೆದ್ದಿರಾ ಎಂದು ಕೇಳಿದವನೇ ಅಲ್ಲ. ಒಂದೇ ಒಂದು ಸಲ ಅವನ ಬಾಯಿ ಮುಚ್ಚಿಸಿ ಮನೆಗೆ ಹೋಗಬೇಕೆಂಬ ಆಸೆ ಮೇಷ್ಟ್ರ ಒಳಗೆ ಎಲ್ಲೋ ಕೂತುಬಿಟ್ಟಿತ್ತು.

ಅದಕ್ಕೇ ಈ ವರ್ಷ ಚೀಟಿಯನ್ನು ತಲೆಕೆಳಗು ಮಾಡಿ ಬರೆದಿದ್ದರು. ಜಡೆ ಹುಡುಗಿಯ ಬಾಯಿಗೆ ಹೇಗಿದ್ದರೂ ಯಾರಾದರೂ ಬೀಳಲೇಬೇಕು, ತಮ್ಮ ಗಟ್ಟಿ ಆಟಗಾರ್ತಿ ಕ್ಯಾಪ್ಟನ್ ಯಾಕೆ ಬೀಳಬೇಕು? ಕ್ಯಾಪ್ಟನ್ನನ್ನು ಎರಡನೇ ನಂಬರಿಗೆ ಇಳಿಸಿದರೆ ಅವಳು ಗೆಲ್ಲುತ್ತಾಳೆ, ಡಬಲ್ಸ್ ಜೋಡಿ ಹೇಗೂ ಗೆಲ್ಲುತ್ತದೆ. ಒಂದನೇ ನಂಬರಿಗೆ ಬಾತುವನ್ನು ಹಾಕಿ ಆ ಆಟದ ಆಸೆ ಬಿಟ್ಟುಬಿಡುವುದು. ಬಾತುಕೋಳಿಯ ಹಾಗೆ ಪಾದ ಹೊರಗೆ ಹಾಕಿ ನಡೆಯುತ್ತಿದ್ದುದರಿಂದ ಆ ಹುಡುಗಿಗೆ ತಂಡದವರೆಲ್ಲ ಸೇರಿ ಇಟ್ಟ ಹೆಸರು ಅದು. ಕರೆದರೆ ಬೇಜಾರಿಲ್ಲದೆ ಓ ಎನ್ನುತ್ತಿದ್ದಳು.

ನಿನ್ನೆ ಸಂಜೆ ಕ್ಯಾಪ್ಟನ್ನಿಗೆ ವಿಷಯ ಬಿಡಿಸಿ ಹೇಳಿದ್ದರು. ಬಾತುವಿಗೆ ಹೇಳಿದ್ದು ಮಾತ್ರ ಇಷ್ಟು: "ನಾಳೆ ನೀನೇ ಒಂದನೇ ನಂಬರ್." ಆ ಹುಡುಗಿ "ನಿಜವಾಗ್ಲೂ ಸಾರ್?" ಎಂದು ಕೇಳಿ, ಬ್ಯಾಗನ್ನು ಅಲ್ಲೇ ಬಿಟ್ಟು ಗೇಟಿನ ತನಕ ಓಡಿಹೋಗಿ, ಮತ್ತೆ ಬ್ಯಾಗಿಗಾಗಿ ವಾಪಸ್ ಓಡಿಬಂದಿದ್ದಳು. ಮೇಷ್ಟ್ರಿಗೆ ಆಗಲೇ ಒಂಥರಾ ಆಗಿತ್ತು. ಆದರೂ ಚೀಟಿ ಬದಲಾಯಿಸಲಿಲ್ಲ.

ಈಗ ನೋಡಿದರೆ ಎದುರಿನವನೂ ಅದೇ ಕೆಲಸ ಮಾಡಿದ್ದ. ಟೆನಿಸಿಗೆ ಸೀಟಿ ಬೇಕಿಲ್ಲದಿದ್ದರೂ ಕೊರಳಿಗೆ ಸೀಟಿ ಹಾಕಿಕೊಂಡೇ ಬರುವುದರಿಂದ ಅವನನ್ನು ಎಲ್ಲ ಶಾಲೆಯವರೂ ಸೀಟಿ ಮೇಷ್ಟ್ರು ಎನ್ನುತ್ತಿದ್ದರು. ಅವನೂ ಕೈಯಲ್ಲಿ ಚೀಟಿ ಹಿಡಿದು ಇಂಗು ತಿಂದ ಮಂಗನ ಹಾಗೆ ನಿಂತಿದ್ದ.

"ಏನ್ ಸಾರ್ ಇದು? ಜಡೆ ಎರಡನೇ ನಂಬರಾ?" ಎಂದರು ಡ್ರಿಲ್ ಮೇಷ್ಟ್ರು.

"ಅವಳಿಗೆ ಭುಜ ನೋವು ಮೇಷ್ಟ್ರೇ. ಸುಲಭದ ಆಟ ಸಿಗ್ಲಿ ಅಂತ..." ಸೀಟಿ ಮೇಷ್ಟ್ರು ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡ. "ನಿಮ್ಮ ಕ್ಯಾಪ್ಟನ್ನಿಗೇನಾಗಿದೆ? ಅವಳಿಗೂ ಭುಜವಾ?"

ಇಬ್ಬರೂ ನಗಲು ನೋಡಿದರು, ಆಗಲಿಲ್ಲ. ಇಬ್ಬರೂ ಚೀಟಿ ತಿರುಗಿಸಿದ್ದರಿಂದ ಏನೂ ತಿರುಗಿರಲಿಲ್ಲ. ಕ್ಯಾಪ್ಟನ್ ಜಡೆಯ ಎದುರೇ ಆಡಬೇಕು, ಬಾತು ಕನ್ನಡಕದವಳ ಎದುರೇ ಆಡಬೇಕು. ನಿಯತ್ತಾಗಿ ಬರೆದಿದ್ದರೂ ಇದೇ ಆಗುತ್ತಿತ್ತು. ಮರ್ಯಾದೆ ಮಾತ್ರ ಎರಡೂ ಕಡೆ ಪುಕ್ಕಟೆ ಹೋಗಿತ್ತು.

ಡಬಲ್ಸ್ ಬೇಗ ಮುಗಿಯಿತು, ಡ್ರಿಲ್ ಮೇಷ್ಟ್ರ ಹುಡುಗಿಯರು ಗೆದ್ದರು. ಊಟದ ನಂತರ ಎರಡು ಕೋರ್ಟಿನಲ್ಲೂ ಒಟ್ಟಿಗೆ ಸಿಂಗಲ್ಸ್ ಶುರುವಾಯಿತು. ಮೊದಲು ಎಂಟು ಗೇಮ್ ಮುಟ್ಟಿದವರು ಗೆದ್ದಂತೆ. ಅಂಪೈರ್ ಇಲ್ಲ, ತನ್ನ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಎಂದು ಆಯಾ ಹುಡುಗಿಯೇ ಹೇಳಬೇಕು.

ಆಗ ಗೇಟಿನಿಂದ ಒಬ್ಬ ಹೆಂಗಸು ಬೇಗ ಬೇಗ ನಡೆದು ಬಂದಳು. ನೀಲಿ ಕೋಟಿನ ಮೇಲೆ ಆಸ್ಪತ್ರೆಯ ಬಿಲ್ಲೆ, ಬಿಸಿನೀರು, ಒಗೆಯುವ ಸೋಡಾದಲ್ಲಿ ನೆನೆದು ಸುಕ್ಕಾದ ಬೆರಳುಗಳು. ಬಾತುವಿನ ತಾಯಿ. ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುವ ಕಡೆ ಕೆಲಸ. ಮೂರು ವರ್ಷದಲ್ಲಿ ಒಂದು ಆಟಕ್ಕೂ ಬಂದಿರಲಿಲ್ಲ.

"ಅರ್ಧ ದಿನ ರಜೆ ಕೇಳ್ದೆ ಸಾರ್. ಸೂಪರ್‌ವೈಸರ್ ಮುಖ ಗಂಟಿಕ್ಕಿದ್ರು. ಮಗಳು ಒಂದನೇ ನಂಬರ್ ಆಗಿದಾಳೆ ಅಂದೆ, ಆಯ್ತು ಹೋಗು ಅಂದ್ರು," ಎಂದು ಏದುಸಿರಿನಲ್ಲೇ ಹೇಳಿ, ಎಲ್ಲಿ ಕೂರಬೇಕೆಂದು ತಿಳಿಯದೆ ತಂತಿ ಬೇಲಿ ಹಿಡಿದು ನಿಂತಳು. ಮೇಷ್ಟ್ರು ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಆಕೆ ಕೂರಲಿಲ್ಲ.

ಬಾತು ಚೆನ್ನಾಗಿಯೇ ಆಡುತ್ತಿದ್ದಳು. ಓಡುವಾಗ ನೋಡಲು ಚೆಂದವಿರಲಿಲ್ಲ, ಆದರೆ ಚೆಂಡು ಸಿಗುತ್ತಿತ್ತು. ಮೂರು ಗೇಮ್ ಗೆದ್ದು ಎರಡು ಬಿಟ್ಟಿದ್ದಳು. ಕಡೆ ಬದಲಾಯಿಸುವಾಗ ಇಬ್ಬರೂ ಹುಡುಗಿಯರು ನೀರು ಕುಡಿಯಲು ಬೆಂಚಿನಲ್ಲಿ ಕೂತರು. ಮೇಷ್ಟ್ರು ಬೇಲಿಯ ಈಚೆ ಅವರ ಬೆನ್ನ ಹಿಂದೆಯೇ ಇದ್ದರು. ತಾಯಿ ದೂರದಲ್ಲಿ, ಇನ್ನೊಂದು ಮೂಲೆಯಲ್ಲಿದ್ದಳು.

"ನಿಮ್ ಸಾರೂ ನಿನ್ನನ್ನ ಬಲಿ ಕೊಟ್ರಾ?" ಎಂದಳು ಕನ್ನಡಕದ ಹುಡುಗಿ, ಸ್ನೇಹದಿಂದಲೇ.

"ಏನು ಬಲಿ?"

"ಅದೇ, ನಿಮ್ ಕ್ಯಾಪ್ಟನ್ ಎದುರು ಸೋಲೋಕೆ ಅಂತ ನನ್ನನ್ನ ಒಂದನೇ ನಂಬರ್ ಹಾಕಿದ್ರು. ಸೋತ್ರೂ ಪರವಾಗಿಲ್ಲ, ಬೇಜಾರ್ ಮಾಡ್ಕೋಬೇಡ ಅಂತ ಸಾರ್ ಮೊದಲೇ ಹೇಳಿದ್ರು. ನೋಡಿದ್ರೆ ನೀನು ಬಂದಿದೀಯ. ನಿಮ್ಮೋರೂ ಜಡೆಗೆ ಅಂತ ನಿನ್ನನ್ನ ಹಾಕಿದ್ರು ತಾನೆ?"

"ನಾನು ಒಂದನೇ ನಂಬರ್," ಎಂದಳು ಬಾತು.

ಆ ಹುಡುಗಿ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಳ್ಳತೊಡಗಿದಳು. ಬಾತು ಪಕ್ಕದ ಕೋರ್ಟಿನ ಕಡೆ ನೋಡಿದಳು. ಅಲ್ಲಿ ಕ್ಯಾಪ್ಟನ್ ಜಡೆಯ ಹೊಡೆತಕ್ಕೆ ಆ ತುದಿಯಿಂದ ಈ ತುದಿಗೆ ಓಡುತ್ತಿದ್ದಳು. ಆಮೇಲೆ ಬಾತು ನಿಧಾನವಾಗಿ ಹಿಂದೆ ತಿರುಗಿದಳು. ಮೇಷ್ಟ್ರಿಗೆ ಬೇರೆ ಕಡೆ ನೋಡಲು ಹೊತ್ತು ಸಿಗಲಿಲ್ಲ.

ಮುಂದಿನ ನಾಲ್ಕು ಗೇಮ್ ಬಾತು ನಿಂತಲ್ಲೇ ನಿಂತು ಸೋತಳು. ಸರ್ವ್ ಒಂದೂ ನೆಟ್ ದಾಟಲಿಲ್ಲ. ಮೂರು, ಆರು. ಅಷ್ಟರಲ್ಲಿ ಆಚೆ ಕ್ಯಾಪ್ಟನ್ ಸೋತು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಂದು ಕೂತಳು. ಒಂದಕ್ಕೊಂದು ಸಮವಾಯಿತು. ಎಲ್ಲರೂ ಬಾತುವಿನ ಕೋರ್ಟಿನ ಸುತ್ತ ಬಂದು ಸೇರಿದರು. ಕಪ್ ಯಾರಿಗೆಂಬುದು ಈಗ ಎರಡೂ ಶಾಲೆಯವರು ಲೆಕ್ಕಕ್ಕಿಡದ ಇಬ್ಬರು ಹುಡುಗಿಯರ ಕೈಯಲ್ಲಿತ್ತು.

ಕಡೆ ಬದಲಾಯಿಸುವಾಗ ಮೇಷ್ಟ್ರು ಒಳಗೆ ಹೋದರು. ಮೊಣಕಾಲು ಮಡಚಿ ಬೆಂಚಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಕೂರುವಾಗ ಮೂಳೆ ಲಟಕ್ ಎಂದಿತು. ಹೇಳಬೇಕಾದ ಮಾತೆಲ್ಲ ಹೊಳೆದಿತ್ತು: ಸರ್ವ್ ಎತ್ತರಕ್ಕೆ ಹಾಕು, ಅವಳ ಎಡಗೈ ಕಡೆ ಆಡು. ಬಾತು ಷೂವಿನ ದಾರವನ್ನು ಬಿಚ್ಚಿ ಕಟ್ಟುತ್ತಿದ್ದಳು.

"ಸಾರ್, ನಾನು ಗೆಲ್ತೀನಿ ಅಂತ ಹಾಕಿದ್ರಾ?"

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಹುಡುಗಿ ಎದ್ದು ಆಡುತ್ತಾಳೆ, ಗೆದ್ದರೂ ಗೆಲ್ಲಬಹುದು. ಮೂವತ್ತು ವರ್ಷ ಮಕ್ಕಳಿಗೆ ಇಂಥ ಸುಳ್ಳುಗಳನ್ನು ಹೇಳಿಯೇ ಅವರು ಸಂಬಳ ತೆಗೆದುಕೊಂಡಿದ್ದರು. ಆದರೆ ಈ ಮುಖದ ಎದುರು ಇನ್ನೊಂದು ಸುಳ್ಳು ಹೇಳುವಷ್ಟು ಶಕ್ತಿ ಅವರಲ್ಲಿ ಉಳಿದಿರಲಿಲ್ಲ.

"ಇಲ್ಲ ಮಗಳೇ," ಎಂದರು.

ಬಾತು ತಲೆಯಾಡಿಸಿದಳು. ಕಣ್ಣೀರು ಬರಲಿಲ್ಲ. ದಾರ ಗಟ್ಟಿಯಾಗಿ ಎಳೆದು ಕಟ್ಟಿ, "ಅಮ್ಮಂಗೆ ಗೊತ್ತಾ?" ಎಂದಳು.

"ಇಲ್ಲ."

"ಸರಿ ಸಾರ್," ಎಂದು ಎದ್ದು ಹೋದಳು. ಮೇಷ್ಟ್ರು ಏಳಲು ಬೆಂಚು ಹಿಡಿಯಬೇಕಾಯಿತು.

ಆಮೇಲೆ ಆ ಹುಡುಗಿ ಆಡಿದ್ದನ್ನು ಆಟ ಎನ್ನಲಾಗದು. ಬಂದ ಚೆಂಡನ್ನೆಲ್ಲ ಎತ್ತರಕ್ಕೆ, ಇನ್ನೂ ಎತ್ತರಕ್ಕೆ ಕಳಿಸುತ್ತಾ ಹೋದಳು. ಹೊಡೆತವಿಲ್ಲ, ಚೆಂದವಿಲ್ಲ, ಸುಮ್ಮನೆ ವಾಪಸ್ ಕಳಿಸುವುದು. ಕನ್ನಡಕದ ಹುಡುಗಿಯೂ ಹಟ ಬಿಡಲಿಲ್ಲ. ಒಂದೊಂದು ಪಾಯಿಂಟೂ ಎಷ್ಟು ಉದ್ದವಾಯಿತೆಂದರೆ ನೋಡುವವರಿಗೆ ಆಕಳಿಕೆ ಬಂತು. ನಡುವೆ ಚಪ್ಪಾಳೆ ತಟ್ಟುತ್ತಿದ್ದದ್ದು ತಾಯಿ ಒಬ್ಬಳೇ, ಅದೂ ಕೆಲವು ಸಲ ಎದುರಿನ ಹುಡುಗಿಯ ಪಾಯಿಂಟಿಗೆ. ಆರು-ಆರು ಆಯಿತು, ಏಳು-ಏಳು ಆಯಿತು. ಮೇಷ್ಟ್ರಿಗೆ ಗೆಲ್ಲಲಿ ಎಂದು ಬೇಡಿಕೊಳ್ಳಲೂ ನಾಚಿಕೆ, ಸೋಲಲಿ ಎನ್ನಲು ಮನಸ್ಸು ಬಾರದು. ಇದು ಬೇಗ ಮುಗಿದರೆ ಸಾಕಪ್ಪಾ ಎನಿಸಿತು.

ಬಾತು ಕಳಿಸಿದ ಕೊನೆಯ ಚೆಂಡು ಹಿಂದಿನ ಗೆರೆಯ ಹತ್ತಿರ ಬಿತ್ತು. ಬೇಲಿಯ ಆಚೆಯಿಂದ ಸೀಟಿ ಮೇಷ್ಟ್ರು ಕೈ ಎತ್ತಿ ಹೊರಗೆ, ಹೊರಗೆ ಎಂದು ಸನ್ನೆ ಮಾಡಿದ. ಕನ್ನಡಕದ ಹುಡುಗಿ ಅವನ ಕಡೆ ನೋಡಲಿಲ್ಲ. ಹೋಗಿ ಮಣ್ಣಿನ ಮೇಲೆ ಬಗ್ಗಿ, ಗುರುತನ್ನು ಬಹಳ ಹೊತ್ತು ನೋಡಿ, ಬಾತುವಿನ ಕಡೆ ತಿರುಗಿ, "ಒಳಗೆ," ಎಂದಳು.

ಹದಿನೆಂಟನೆಯ ವರ್ಷಕ್ಕೆ ಗೆದ್ದಿದ್ದರು. ಹುಡುಗಿಯರು ಕಿರುಚಿಕೊಂಡು ಒಳಗೆ ನುಗ್ಗಿದರು. ಕ್ಯಾಪ್ಟನ್ ಬಾತುವಿನ ಸೊಂಟ ಹಿಡಿದು ಎತ್ತಲು ಹೋಗಿ ಇಬ್ಬರೂ ಕೆಳಗೆ ಬಿದ್ದರು. ಸೀಟಿ ಮೇಷ್ಟ್ರು ಬಂದು ಕೈ ಕುಲುಕಿ, "ಒಳ್ಳೆ ತಲೆ ಓಡಿಸಿದ್ರಿ ಮೇಷ್ಟ್ರೇ," ಎಂದ. ಅದು ಚುಚ್ಚುಮಾತೋ ಅಲ್ಲವೋ ಎಂದು ಯೋಚಿಸುವ ತ್ರಾಣ ಅವರಿಗಿರಲಿಲ್ಲ. ನಾಳೆ ಗುಮಾಸ್ತನಿಗೆ ಹೇಳುವ ಮಾತನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿ ನೋಡಿದರು. ಬಾಯಿಗೆ ರುಚಿಸಲಿಲ್ಲ.

ತಾಯಿ ಮಗಳನ್ನು ಕರೆದುಕೊಂಡು ಅವರ ಹತ್ತಿರವೇ ಬಂದಳು. ಅತ್ತು ಮೂಗು ಕೆಂಪಾಗಿತ್ತು.

"ಸಾರ್, ಇವಳ ಕೈಲಿ ಏನೂ ಆಗಲ್ಲ ಅಂತ ಮನೇಲಿ ಎಲ್ರೂ ಅಂತಿದ್ರು. ಯಾರ್ಯಾಕೆ, ನಾನೇ ಅಂತಿದ್ದೆ. ಬ್ಯಾಟ್ ಬಿಟ್ಟು ಪುಸ್ತಕ ಹಿಡ್ಕೊಳೇ ಅಂತ ಬೈದಿದೀನಿ. ಹೆತ್ತೋಳಿಗೇ ಕಾಣದೇ ಇದ್ದದ್ದು ನಿಮಗೆ ಕಾಣಿಸ್ತಲ್ಲ ಸಾರ್. ನೀವು ನಂಬಿದ್ರಿ."

ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು ಎನಿಸಿ ಮೇಷ್ಟ್ರು, "ಹಾಗಲ್ಲಮ್ಮ, ನಾನು..." ಎಂದು ಶುರುಮಾಡಿದರು.

"ಹೌದಮ್ಮ," ಎಂದಳು ಬಾತು, ಅವರ ಮಾತಿಗೆ ಅಡ್ಡ ಬಂದು. ಅವಳು ಮೇಷ್ಟ್ರ ಮುಖ ನೋಡುತ್ತಿರಲಿಲ್ಲ, ಅವರ ಅಂಗಿಯ ಗುಂಡಿ ನೋಡುತ್ತಿದ್ದಳು. "ಸಾರ್ ನಿನ್ನೇನೇ ಹೇಳಿದ್ರು. ನೀನೇ ಗೆಲ್ಲೋದು ನೋಡ್ತಿರು ಅಂದ್ರು. ಅಲ್ವಾ ಸಾರ್?"

ತಾಯಿ ಕಣ್ಣರಳಿಸಿ ಕಾಯುತ್ತಿದ್ದಳು.

"ಹೂಂ," ಎಂದರು ಮೇಷ್ಟ್ರು.

ಬಾತು ಬ್ಯಾಗಿಗೆ ಕೈ ಹಾಕಿದಳು. ತಾಯಿ ಕೊಡಲಿಲ್ಲ, ತಾನೇ ಹೆಗಲಿಗೆ ಏರಿಸಿಕೊಂಡಳು. ಇಬ್ಬರೂ ಗೇಟಿನ ಕಡೆ ನಡೆದರು. ಮೇಷ್ಟ್ರು ಖಾಲಿ ಬೆಂಚಿನ ಮೇಲೆ ಕೂತು ನೋಡುತ್ತಿದ್ದರು. ಹುಡುಗಿ ತಿರುಗಿ ನೋಡುತ್ತಾಳೇನೋ ಎಂದು ಕಾದರು. ನೋಡಲಿಲ್ಲ. ಗೇಟಿನಲ್ಲಿ ಕಾವಲುಗಾರ ಏನೋ ಕೇಳಿದನೆಂದು ಕಾಣುತ್ತದೆ, ತಾಯಿ ನಿಂತಳು. ಮಗಳ ಕಡೆ ತೋರಿಸಿ, ಆ ಸುಕ್ಕು ಬೆರಳುಗಳಲ್ಲಿ ಒಂದನ್ನು ಅವನ ಮುಖದ ಮುಂದೆ ನೆಟ್ಟಗೆ ಎತ್ತಿ ಹಿಡಿದಳು. ಅವನಿಗೆ ಅರ್ಥವಾಗಲಿಲ್ಲವೆಂದು ಮತ್ತೊಮ್ಮೆ ಎತ್ತಿ ತೋರಿಸಿದಳು. ಬಾತು ಪಕ್ಕದಲ್ಲಿ ತನ್ನ ಷೂ ನೋಡುತ್ತಾ, ಅಮ್ಮ ಹೇಳಿ ಮುಗಿಸುವ ತನಕ ನಿಂತಿದ್ದಳು.