ಹೌದು ಎಂದವರ ಪಟ್ಟಿ

ಒಡೆಕ್‌ನ ಹೆಣ ಸಿಗಲಿಲ್ಲ. ದೋಣಿ ಸಿಕ್ಕಿತು, ಹುಟ್ಟು ಸಿಕ್ಕಿತು, ಬುತ್ತಿ ಕಟ್ಟಿಕೊಂಡು ಹೋಗಿದ್ದ ಬಟ್ಟೆಯೂ ಸಿಕ್ಕಿತು. ಕಗಾಂಬೊ ದಡದ ಗಂಡಸರು ಒಂಬತ್ತು ದಿನ ಸರದಿಯ ಮೇಲೆ ಸರೋವರ ಜಾಲಾಡಿದರು. ಹತ್ತನೆಯ ದಿನ ಕುಲದ ಹಿರಿಯ ಒಕುಮು ಕಾಡಂಚಿನ ಯಾಗೊ ಮರದಿಂದ ಮೊಳದುದ್ದದ ಒಂದು ಕಾಯಿ ಕೊಯ್ದು ತಂದ. ನೀರು ನುಂಗಿದವನ ಬದಲಿಗೆ ಆ ಕಾಯಿಯನ್ನೇ ಮಣ್ಣು ಮಾಡಬೇಕು. ಇಲ್ಲದಿದ್ದರೆ ಸತ್ತವನು ಮನೆ ಹುಡುಕಿಕೊಂಡು ಅಲೆಯುತ್ತಾನೆ.

ಅಚೊಲಾ ಆ ಕಾಯಿಗೆ ಗಂಡನ ನೀಲಿ ಅಂಗಿ ತೊಡಿಸಲು ಹೋದಳು. ಗುಂಡಿ ಹಾಕಲು ಎದೆ ಎಲ್ಲಿತ್ತು? ಸುಮ್ಮನೆ ಸುತ್ತಿಟ್ಟಳು.

ಒಡೆಕ್ ಈಜು ಬಾರದವನಲ್ಲ. ಕೊಲ್ಲಿಯಲ್ಲೇ ಹುಟ್ಟಿ ಕೊಲ್ಲಿಯಲ್ಲೇ ಬೆಳೆದವನು. ಆದರೆ ಎರಡು ವರ್ಷದ ಹಿಂದೆ ಕೊಲ್ಲಿಗೆ ಬೇಲಿ ಬಿತ್ತು. ಹಳದಿ ಡ್ರಮ್ಮುಗಳು ಸಾಲಾಗಿ ತೇಲಿದವು. ಅವುಗಳ ಒಳಗೆ ಕಂಪನಿಯ ಮೀನು ಸಾಕುವ ಪಂಜರಗಳು ಬಂದವು. ಸಣ್ಣ ದೋಣಿಗಳು ಒಳಗೆ ಬರಕೂಡದು ಎಂದು ರಾಜಧಾನಿಯಲ್ಲಿ ಕಾನೂನಾಯಿತು. ಕಗಾಂಬೊದವರು ಹಲಗೆ ದೋಣಿ ಹತ್ತಿಕೊಂಡು ದ್ವೀಪದ ಆಚೆಯ ಆಳದ ನೀರಿಗೆ ಹೋಗಬೇಕಾಯಿತು. ಅಲ್ಲಿ ಗಾಳಿಗೆ ಹೊತ್ತುಗೊತ್ತಿಲ್ಲ. ಎರಡು ವರ್ಷದಲ್ಲಿ ಐದು ಜನ ಹೋದರು. ಒಡೆಕ್ ಆರನೆಯವನು.

ಬೇಲಿ ಬಿದ್ದ ವಾರವೇ ಅವರ ಕ್ಷೇತ್ರದ ಸಂಸದ ಹೆಜ್ರಾನ್ ಅಗ್ವಾರೊ ದಡಕ್ಕೆ ಬಂದಿದ್ದ. ಜನ ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲ, ಮಾನ್ಯರು ಎನ್ನುತ್ತಾರೆ. ಊರಿಗೆ ಒಳ್ಳೆಯ ರಸ್ತೆ ಇಲ್ಲ, ಹಾಗಾಗಿ ಮಾನ್ಯರು ಮೋಟಾರು ದೋಣಿಯಲ್ಲಿ ಬಂದರು. ರಸ್ತೆ ಯಾಕಿಲ್ಲ ಎಂದು ಯಾರೂ ಕೇಳಲಿಲ್ಲ. ಬೂಟು ನೆನೆಯಬಾರದಲ್ಲ, ಅದಕ್ಕೆ ಒಡೆಕ್ ಸೊಂಟಮಟ್ಟದ ನೀರಿಗಿಳಿದು ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ದಡ ಮುಟ್ಟಿಸಿದ.

"ಇಡೀ ಸಂಸತ್ತು ಹೌದು ಅಂತು!" ಎಂದು ಮಾನ್ಯರು ಮೈಕಿನಲ್ಲಿ ಗುಡುಗಿದರು. "ಎದ್ದು ನಿಂತು ಬೇಡ ಅಂದವನು ನಿಮ್ಮ ಈ ಮಗ ಒಬ್ಬನೇ!"

ಜನ ಕುಣಿದರು. ಒಡೆಕ್ ಮನೆಗೆ ಬಂದು ಹೆಗಲಿಗೆ ಎಣ್ಣೆ ತಿಕ್ಕಿಸಿಕೊಂಡ. "ನಮ್ಮ ಮಾತು ಆಡಿದ ಬಾಯಿ ಕಣೇ ಅದು. ಹೊತ್ತಿದ್ದು ಭಾರ ಅನ್ನಿಸ್ಲೇ ಇಲ್ಲ" ಎಂದ. ಅಚೊಲಾಳಿಗೆ ಈಗ ನೆನಪಾಗುವುದು ಆ ಎಣ್ಣೆ ತಿಕ್ಕಿದ ಹೆಗಲು. ನೆನಪಾದರೆ ಹಲ್ಲು ಕಚ್ಚಿಕೊಳ್ಳುತ್ತಾಳೆ.

ಅವಳ ಕೈಗೆ ಸತ್ಯ ಸಿಕ್ಕಿದ್ದು ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ. ಗಂಡ ಕಾಣೆಯಾಗಿದ್ದಾನೆಂದು ಪೊಲೀಸರಿಗೆ ಅರ್ಜಿ ಬರೆಸಲು ಹೋಗಿದ್ದಳು. ಅಂಗಡಿಯ ಮಿಲ್ಕಾ ದಪ್ಪ ಕನ್ನಡಕದ, ಕತ್ತರಿ ನಾಲಿಗೆಯ ಹೆಂಗಸು. ಅರ್ಜಿ ಬರೆಯುತ್ತಾ ಕೇಳಿದಳು.

"ಕೊಲ್ಲಿ ಬಿಟ್ಟು ಅಷ್ಟು ದೂರ ಯಾಕೆ ಹೋಗಿದ್ದ?"

"ಕಾನೂನಲ್ವಾ ಅಕ್ಕ. ನಮ್ಮ ಮಾನ್ಯರು ಬೇಡ ಅಂದ್ರು. ಉಳಿದೋರು ಕೇಳ್ಲಿಲ್ಲ."

"ಬೇಡ ಅಂದ್ರು ಅಂತ ಯಾರು ಹೇಳಿದ್ದು?"

"ಅವರೇ."

ಮಿಲ್ಕಾ ಬೆರಳು ನಿಲ್ಲಿಸಿದಳು. "ಸರಿ ಹೋಯ್ತು. ತನ್ನ ಬೆನ್ನು ತಾನೇ ತಟ್ಕೊಂಡ ಅನ್ನು. ಬಾ ಇಲ್ಲಿ, ಕೂತ್ಕೊ. ಸಂಸತ್ತಲ್ಲಿ ಆಡಿದ್ದೆಲ್ಲ ಬರೆದಿಡ್ತಾರೆ, ಗೊತ್ತಾ? ಕೆಮ್ಮಿದ್ದು ಒಂದು ಬಿಟ್ಟು."

ಪರದೆಯ ಮೇಲೆ ಹಾಳೆಗಳು ಓಡಿದವು. "ಸಾಮಾನ್ಯವಾಗಿ ಎಲ್ಲರೂ ಒಟ್ಟಿಗೆ ಕೂಗ್ತಾರೆ. ಯಾರ ಕೂಗು ಜೋರೋ ಅವರು ಗೆದ್ದಂಗೆ. ಯಾರ ಹೆಸರೂ ಉಳಿಯಲ್ಲ. ಆದ್ರೆ ಅವತ್ತು ಯಾರೋ ಹಟ ಹಿಡಿದು ಒಬ್ಬೊಬ್ಬರನ್ನೇ ಹೆಸರು ಕರೆಸಿದಾರೆ. ತಗೊ, ಹೌದು ಅಂದವರದ್ದು ಒಂದು ಪಟ್ಟಿ. ಬೇಡ ಅಂದವರದ್ದು ಇನ್ನೊಂದು."

ಅಚೊಲಾ ಎಂಟನೆಯ ತರಗತಿಯವರೆಗೆ ಓದಿದವಳು. ಬೇಡ ಎಂದವರ ಪಟ್ಟಿಯನ್ನೇ ಮೊದಲು ಹಿಡಿದಳು. ಬೆರಳಿಟ್ಟು ಮೇಲಿನಿಂದ ಕೆಳಗೆ ಬಂದಳು. ಹೆಸರಿಲ್ಲ. ಕಣ್ತಪ್ಪಿರಬೇಕು ಎಂದುಕೊಂಡು ಕೆಳಗಿನಿಂದ ಮೇಲೆ ಹೋದಳು. ಇಲ್ಲ. ಹೌದು ಎಂದವರ ಪಟ್ಟಿಯಲ್ಲಿ ನಲವತ್ತೊಂದನೆಯ ಹೆಸರು ಹೆಜ್ರಾನ್ ಅಗ್ವಾರೊ.

"ಮೂರು ವರ್ಷದಲ್ಲಿ ನಿಮ್ಮ ಮಾನ್ಯರು ಬಾಯಿ ಬಿಟ್ಟಿದ್ದು ಮೂರೇ ಸಲ" ಎಂದಳು ಮಿಲ್ಕಾ. "ಒಂದ್ಸಲ ಪ್ರಮಾಣ ಮಾಡೋಕೆ. ಒಂದ್ಸಲ ಫುಟ್ಬಾಲ್ ತಂಡಕ್ಕೆ ಅಭಿನಂದನೆ ಹೇಳೋಕೆ. ಇನ್ನೊಂದ್ಸಲ, ನಗಬೇಡ, ಸಂಸತ್ತಿನ ಕ್ಯಾಂಟೀನಲ್ಲಿ ಮೀನಿನ ತುಂಡು ಚಿಕ್ಕದು ಅಂತ ದೂರು ಹೇಳೋಕೆ."

ಅಚೊಲಾ ನಗಲಿಲ್ಲ.

"ಇದನ್ನೂ ನೋಡಿಬಿಡು. ಯಾರ್ಯಾರಿಗೆ ಯಾವ ಯಾವ ವ್ಯವಹಾರ ಇದೆ ಅಂತ ಅವರೇ ಬರೆದುಕೊಡಬೇಕು. ನಾಮ್ ಅನ್ನೋ ಮೀನು ಸಾಕಣೆ ಕಂಪನಿ. ನೂರಕ್ಕೆ ನಲವತ್ತು ಪಾಲು. ಹೆಂಡತಿ ಹೆಸರಲ್ಲಿ."

ಹಳದಿ ಡ್ರಮ್ಮುಗಳ ಮೇಲೆ ಕಪ್ಪಕ್ಷರದಲ್ಲಿ ಬರೆದಿದ್ದೂ ಅದೇ ಹೆಸರು. ಮುಚ್ಚಿಡುವ ಕಷ್ಟವನ್ನೂ ಅವನು ತೆಗೆದುಕೊಂಡಿರಲಿಲ್ಲ. ಕಗಾಂಬೊದವರು ಮೀನು ಹಿಡಿದಾರು, ಕಾಗದ ಹಿಡಿದಾರೆಯೇ ಎಂಬ ಧೈರ್ಯ.

ಅಚೊಲಾ ಅಳಲಿಲ್ಲ. ಒಂಬತ್ತು ದಿನ ಅತ್ತಿದ್ದೆಲ್ಲ ಒಣಗಿಹೋಯಿತು. ಗಾಳಿಯನ್ನು ಬೈದಿದ್ದಳು, ಸರೋವರವನ್ನು ಬೈದಿದ್ದಳು, ದೇವರನ್ನೂ ಬಿಟ್ಟಿರಲಿಲ್ಲ. ಪಾಪ, ಅವರ್ಯಾರೂ ಅಲ್ಲ. ಕೊಂದವನಿಗೆ ಹೆಸರಿತ್ತು, ಕ್ರಮಸಂಖ್ಯೆಯಿತ್ತು. ಅವನನ್ನು ಇಡೀ ಊರ ಮುಂದೆ ಬೆತ್ತಲೆ ನಿಲ್ಲಿಸದೆ ಬಿಡುವುದಿಲ್ಲ ಎಂದು ಅವಳು ಆ ಮರದ ಬೆಂಚಿನ ಮೇಲೆ ಕೂತೇ ತೀರ್ಮಾನಿಸಿದಳು.

ಮಿಲ್ಕಾ ಮುದ್ರಿಸಿಕೊಟ್ಟ ಕಾಗದವನ್ನು ಹಿರಿಯ ಒಕುಮುಗೆ ತೋರಿಸಿದಾಗ ಅವನು ಮುಟ್ಟಲೂ ಇಲ್ಲ.

"ಕಾಗದ ಯಾರು ಬೇಕಾದ್ರೂ ಬರೀತಾರೆ ಕಣವ್ವ. ಶನಿವಾರ ಮಾನ್ಯರೇ ಮಣ್ಣಿಗೆ ಬರ್ತಾ ಇದಾರೆ. ಶಾಮಿಯಾನ ಅವರದು, ಕುರ್ಚಿ ಅವರದು, ಮೈಕು ಅವರದು. ಪೆಟ್ಟಿಗೆ ಕೂಡ ಕಳಿಸಿದಾರೆ, ಹಿತ್ತಾಳೆ ಹಿಡಿ ಇರೋದು."

"ಗಂಡ ನನ್ನವನು, ಮಾವ."

"ನೋಡು ಸೊಸೆ. ನೀನು ಬೇರೆ ಊರಿಂದ ಬಂದೋಳು. ಈ ಅಂಗಳದಲ್ಲಿ ಗುಡಿಸಲು ಉಳೀಬೇಕು ಅಂದ್ರೆ ನಾಲಿಗೆ ಬಿಗಿ ಹಿಡಿ. ಕುಲದ ಹೆಸರು ಕೆಡಿಸಿದೋಳನ್ನ ಇಟ್ಕೊಳೋಕೆ ನಾವೇನು ಹುಚ್ಚರಲ್ಲ."

ಒಕುಮು ಕೆಟ್ಟವನಲ್ಲ. ಮಾನ್ಯರು ಕೊಟ್ಟ ಕಂಬಳಿ ಅವನ ಹೆಗಲ ಮೇಲಿತ್ತು, ಅಷ್ಟೇ. ಆ ಕಂಬಳಿಯ ಬಿಸಿಗೆ ಅವನ ಕಿವಿ ಮುಚ್ಚಿತ್ತು.

ಶನಿವಾರ ಮಾನ್ಯರಿಗೆ ನಾಲ್ಕು ಸಾವಿನ ಮನೆ. ಕಗಾಂಬೊದ್ದು ಮೂರನೆಯದು. ಮೋಟಾರು ದೋಣಿ ನಿಂತಿತು. ಇಬ್ಬರು ತರುಣರು ನೀರಿಗಿಳಿದು ಹೆಗಲು ಕೊಟ್ಟರು. ಬೂಟು ಒಣಗಿದ್ದಂತೆಯೇ ಮಾನ್ಯರು ಶಾಮಿಯಾನ ತಲುಪಿದರು. ಆಪ್ತ ಸಹಾಯಕ ಕಿವಿಯಲ್ಲಿ ಸತ್ತವನ ಹೆಸರು ಹೇಳಿ ಒಂದು ಚೀಟಿ ಕೊಟ್ಟ. ಹೆಸರು ಹೇಳಿದ, ಊರು ಹೇಳಿದ. ಹೆಣ ಸಿಕ್ಕಿಲ್ಲ ಎಂದು ಹೇಳುವುದನ್ನು ಮರೆತ. ನಾಲ್ಕು ಸಾವಿನಲ್ಲಿ ಅದೆಲ್ಲ ಯಾರಿಗೆ ನೆನಪಿರುತ್ತದೆ?

ಅಂಗಳದ ನಡುವೆ ಹಿತ್ತಾಳೆ ಹಿಡಿಯ ಪೆಟ್ಟಿಗೆ ಮುಚ್ಚಿಕೊಂಡಿತ್ತು. ಮಾನ್ಯರು ಅದರ ಮೇಲೆ ಕೈಯಿಟ್ಟರು. ಕರವಸ್ತ್ರದಿಂದ ಕಣ್ಣೊರೆಸಿಕೊಂಡರು.

"ನನ್ನ ತಮ್ಮ ಒಡೆಕ್! ಒಂದು ಕಾಲದಲ್ಲಿ ನನ್ನನ್ನ ಹೆಗಲ ಮೇಲೆ ಹೊತ್ತವನು. ಅವನನ್ನ ನೋಡದೆ ಇರೋಕಾಗ್ಲಿಲ್ಲ. ನಿನ್ನೆ ಶವಾಗಾರಕ್ಕೆ ನಾನೇ ಹೋದೆ. ಮುಖ ನೋಡಿದೆ. ಮಲಗಿರೋ ಮಗು ಥರ ಇದ್ದ. ಅವನ ಕಣ್ಣು ಮುಚ್ಚಿದ್ದು ಈ ಕೈಗಳು!"

ಪ್ರತಿ ಸಾವಿನಲ್ಲೂ ಅವನು ಆಡುತ್ತಿದ್ದ ಮಾತು ಅದು. ಎಲ್ಲ ಕಡೆ ಹೆಂಗಸರು ಅಳುತ್ತಿದ್ದರು. ಕಗಾಂಬೊದಲ್ಲಿ ಯಾರೂ ಅಳಲಿಲ್ಲ. ಕುರ್ಚಿಯ ಮೇಲಿದ್ದವರು ನೆಲ ನೋಡಿದರು. ಒಕುಮು ಪೆಟ್ಟಿಗೆಯನ್ನೇ ನೋಡಿದ. ಆ ಕಾಯಿ ಕೊಯ್ದ ಕುಡುಗೋಲು ಇನ್ನೂ ಅವನ ಗುಡಿಸಲ ಸೂರಿನಲ್ಲಿತ್ತು.

ಮಾನ್ಯರಿಗೆ ಮೌನ ಅರ್ಥವಾಗಲಿಲ್ಲ. ಗೌರವ ಎಂದುಕೊಂಡರು. "ಒಡೆಕ್ ಹೆಂಡತಿಗೆ ನಾನು ಕೆಲಸ ಕೊಡಿಸ್ತೀನಿ. ಆ ಪಂಜರದ ಕಂಪನಿಯಲ್ಲಿ ನನಗೆ ಪರಿಚಯದವರಿದಾರೆ. ಮೀನು ಸೀಳೋ ಕೆಲಸ. ಕೂತು ಮಾಡೋದು."

ಅಚೊಲಾ ಎದ್ದಳು. ಯಾರೂ ಕರೆದಿರಲಿಲ್ಲ. ನೇರವಾಗಿ ಪೆಟ್ಟಿಗೆಯ ಬಳಿಗೆ ನಡೆದಳು.

"ಮಾನ್ಯರೇ, ನನ್ನ ಗಂಡನ ಮುಖ ನೋಡಿದ್ರಾ?"

"ನೋಡಿದೆ ತಾಯಿ."

"ಹೆಂಗಿತ್ತು?"

"ಶಾಂತವಾಗಿತ್ತು."

"ನನಗೂ ತೋರಿಸಿ. ನಾನೂ ನೋಡ್ಬೇಕು. ಹತ್ತು ದಿನದಿಂದ ಹುಡುಕ್ತಾ ಇದೀನಿ."

ಎರಡೂ ಕೈ ಹಾಕಿ ಮುಚ್ಚಳ ಎತ್ತಿದಳು. ಒಳಗೆ ನೀಲಿ ಅಂಗಿ ಸುತ್ತಿದ ಯಾಗೊ ಕಾಯಿ. "ಎಲ್ಲಿದೆ ಕಣ್ಣು? ಯಾವುದನ್ನ ಮುಚ್ಚಿದ್ರಿ? ತೋರಿಸಿ!"

ಮಾನ್ಯರು ಕೈಯಲ್ಲಿದ್ದ ಚೀಟಿ ತಿರುಗಿಸಿ ನೋಡಿದರು. ಅಚೊಲಾ ಸೆರಗಿನಿಂದ ಕಾಗದ ತೆಗೆದಳು. ಸಹಾಯಕ ಓಡಿಹೋಗಿ ಮೈಕಿನ ತಂತಿ ಕಿತ್ತ. ಮೈಕು ಅವರದೇ ತಾನೆ.

ಅವಳು ಬರಿ ಬಾಯಲ್ಲಿ ಓದಿದಳು. "ಕೊಲ್ಲಿಯಿಂದ ಸಣ್ಣ ದೋಣಿಗಳನ್ನ ಓಡಿಸೋ ಕಾನೂನು. ಹೌದು ಅಂದವರು. ನಲವತ್ತೊಂದು. ಹೆಜ್ರಾನ್ ಅಗ್ವಾರೊ."

ಹಿಂದಿನವರಿಗೆ ಕೇಳಲಿಲ್ಲ. "ಏನಂದ್ಲು?" ಎಂದು ಯಾರೋ ಕೂಗಿದರು. ಮುಂದಿನ ಸಾಲಿನವರು ತಿರುಗಿ ಹಿಂದಿನವರಿಗೆ ದಾಟಿಸಿದರು. ಅವರು ತಮ್ಮ ಹಿಂದಿನವರಿಗೆ. ಅಂಗಳದ ಬೇಲಿಯಾಚೆ ನಿಂತವರವರೆಗೂ ಮಾತು ಹೋಯಿತು. ಕ್ಯಾಂಟೀನಿನ ಮೀನಿನ ತುಂಡು ಹಾಗೆಯೇ ಹೋಯಿತು. ನಲವತ್ತು ಪಾಲು ಹೋಯಿತು. ಕಂಪನಿಯ ಹೆಸರು ಹೋಗುವಷ್ಟರಲ್ಲಿ ಅದು ಗುನುಗಾಗಿ ಉಳಿದಿರಲಿಲ್ಲ, ಕೂಗಾಗಿತ್ತು.

"ಇದು ವಿರೋಧಿಗಳು ಬರೆದುಕೊಟ್ಟ ಕಾಗದ!" ಎಂದು ಮಾನ್ಯರು ಕಿರುಚಿದರು.

ಮುಂದಿನ ಸಾಲಿನಲ್ಲಿ ಹಲ್ಲಿಲ್ಲದ ಒಬ್ಬ ಮುದುಕಿ ತಲೆಯೆತ್ತಿ ಕೇಳಿದಳು. "ಮುಖ ನೋಡಿ ಬಂದಿದ್ದೂ ವಿರೋಧಿಗಳೇನಪ್ಪಾ?"

ಒಕುಮು ಎದ್ದ. ಹೆಗಲ ಮೇಲಿನ ಕಂಬಳಿ ತೆಗೆದ. ಮಡಿಸಲೂ ಇಲ್ಲ, ಮಾನ್ಯರ ಕುರ್ಚಿಯ ಮೇಲೆ ಎಸೆದ. ಗೋಡೆಗೊರಗಿಸಿದ್ದ ಈಟಿ ಕೈಗೆ ತೆಗೆದುಕೊಂಡ.

ಮಣ್ಣು ಮಾಡುವ ಮುಂಚೆ ಆ ಜನ ಸಾವನ್ನು ಊರಾಚೆ ಓಡಿಸುತ್ತಾರೆ. ಹೋರಿಗಳನ್ನು ಮುಂದೆ ಬಿಟ್ಟು, ಕೊಂಬೂದುತ್ತ, ಈಟಿ ಕೋಲು ಝಳಪಿಸುತ್ತ ಗಡಿಯವರೆಗೆ ಅಟ್ಟುತ್ತಾರೆ. ಕಣ್ಣಿಗೆ ಕಾಣದ ಶತ್ರು. ಪ್ರತಿ ಸಲ ಗಾಳಿಗೆ ತಿವಿದು ಬೆವರೊರೆಸಿಕೊಂಡು ಬರುವುದು.

ಒಕುಮು ಈಟಿಯ ಬುಡವನ್ನು ನೆಲಕ್ಕೆ ಕುಟ್ಟಿ ಕೇಳಿದ. "ಸಾವು ಯಾವ ಕಡೆ ಇದೆ?"

ಯಾವಾಗಲೂ ಎಲ್ಲರೂ ಕಾಡಿನ ಕಡೆ ಕೈ ತೋರಿಸುತ್ತಿದ್ದರು. ಅಚೊಲಾ ಕಾಗದವನ್ನು ಸುರುಳಿ ಸುತ್ತಿ ಮಾನ್ಯರ ಎದೆಗೆ ಗುರಿಯಿಟ್ಟಳು.

"ಇಲ್ಲಿ ನಿಂತಿದೆ ಮಾವ. ಬೂಟು ಹಾಕ್ಕೊಂಡು."

ಕೊಂಬು ಕೂಗಿತು. ಹೋರಿಗಳು ಅಂಗಳಕ್ಕೆ ನುಗ್ಗಿದವು. ಶಾಮಿಯಾನದ ಕಂಬ ಮುರಿಯಿತು. ಮಾನ್ಯರು ಓಡಿದರು, ಸಹಾಯಕ ಅವರಿಗಿಂತ ಮುಂದೆ ಓಡಿದ. ಇಡೀ ಊರು ಬೆನ್ನು ಹತ್ತಿತು. ಯಾರೂ ಅವರ ಮೈ ಮುಟ್ಟಲಿಲ್ಲ. ಮುಟ್ಟುವ ಅಗತ್ಯವೂ ಇರಲಿಲ್ಲ, ಈಟಿಗಳು ಬೆನ್ನಿಗೆ ಒಂದು ಮಾರು ದೂರದಲ್ಲಿ ಕುಣಿಯುತ್ತಿದ್ದವು. ದಡದಲ್ಲಿ ಮಾನ್ಯರು ತಿರುಗಿ, ಬಂದಾಗ ಹೊತ್ತು ತಂದ ತರುಣರಿಗೆ ಕೈಮುಗಿದರು.

"ಹೆಗಲು ಕೊಡ್ರಪ್ಪಾ!"

"ಹೆಗಲು ಹೆಣಕ್ಕೆ ಇಟ್ಕೊಂಡಿದೀವಿ ಮಾನ್ಯರೇ. ಹೆಣ ಆಗ್ತೀರಾ?"

ಮಾನ್ಯರು ನೀರಿಗೆ ಬಿದ್ದರು. ಎದ್ದರು, ಮತ್ತೆ ಬಿದ್ದರು. ಕೆಸರು ಒಂದು ಬೂಟನ್ನು ಎಳೆದುಕೊಂಡಿತು. ಅಚೊಲಾ ಮೊಣಕಾಲು ನೀರಿನಲ್ಲಿ ನಿಂತು ನೋಡಿದಳು. ಕಣ್ತುಂಬ ನೋಡಿದಳು. ಮರುಕ ಹುಟ್ಟಲಿಲ್ಲ. ಹತ್ತು ದಿನದ ಮೇಲೆ ಮೊದಲ ಬಾರಿಗೆ ಹೊಟ್ಟೆ ಹಸಿಯಿತು.

ಆ ಸಂಜೆ ಪೆಟ್ಟಿಗೆ ಪಕ್ಕಕ್ಕೆಸೆದು, ನೀಲಿ ಅಂಗಿಯ ಕಾಯಿಯನ್ನು ಚಾಪೆಯಲ್ಲಿ ಸುತ್ತಿ ಮಣ್ಣು ಮಾಡಿದರು. ಗುಡಿಸಲು ಬಿಟ್ಟು ಹೋಗು ಎಂದು ಅಚೊಲಾಳಿಗೆ ಯಾರೂ ಹೇಳಲಿಲ್ಲ.

ಕಾನೂನು ಹಾಗೆಯೇ ಇತ್ತು. ಹಳದಿ ಡ್ರಮ್ಮುಗಳೂ ಹಾಗೆಯೇ ತೇಲುತ್ತಿದ್ದವು.

ಸೋಮವಾರ ಬೆಳಗ್ಗೆ ಕಗಾಂಬೊದಿಂದ ಹದಿನಾಲ್ಕು ದೋಣಿಗಳು ಹೊರಟವು. ದ್ವೀಪದ ಕಡೆಗಲ್ಲ, ಕೊಲ್ಲಿಗೆ. ಮುಂದಿನ ದೋಣಿ ಒಡೆಕ್‌ನದು. ಅದರಲ್ಲಿ ಅಚೊಲಾ ಕೂತಿದ್ದಳು. ಬಲೆ ದೋಣಿಗೆ ಹೆಂಗಸರು ಹತ್ತುವ ವಾಡಿಕೆ ಅಲ್ಲಿಲ್ಲ. ಅವತ್ತು ಅದನ್ನು ಯಾರೂ ನೆನಪಿಸಲಿಲ್ಲ. ಡ್ರಮ್ಮುಗಳ ಸಾಲು ದಾಟಿ ಬಲೆ ಬೀಸಿದರು.

ಕಂಪನಿಯ ಕಾವಲುಗಾರ ಮೋಟಾರು ದೋಣಿಯಲ್ಲಿ ಧಾವಿಸಿ ಬಂದ. "ಏಯ್! ಕಾನೂನು ಗೊತ್ತಿಲ್ವಾ? ಒಬ್ಬೊಬ್ಬರ ಹೆಸರೂ ಬರ್ಕೊಂಡು ಪೊಲೀಸರಿಗೆ ಕೊಡ್ತೀನಿ!"

"ಬರ್ಕೊ" ಎಂದಳು ಅಚೊಲಾ.

ಅವನು ಜೇಬು ತಡಕಿದ. ಪೆನ್ನಿತ್ತು, ಕಾಗದ ಇರಲಿಲ್ಲ. ಅಚೊಲಾ ಸೆರಗಿನಿಂದ ಮಡಿಕೆ ಬಿದ್ದ ಹಾಳೆ ತೆಗೆದು ಅವನತ್ತ ಚಾಚಿದಳು. "ಒಂದು ಕಡೆ ಹೌದು ಅಂದವರ ಪಟ್ಟಿ ಇದೆ. ಹಿಂದ್ಗಡೆ ಖಾಲಿ. ಅಲ್ಲಿ ಬರಿ. ಅಚೊಲಾ, ಒಡೆಕ್ ಹೆಂಡತಿ. ಬೇಡ."

ಪಕ್ಕದ ದೋಣಿಯಲ್ಲಿ ಮುದುಕ ಒಕುಮು ಬಲೆಯಿಂದ ಕೈ ತೆಗೆಯದೆ ಕೂಗಿದ. "ಒಕುಮು. ಬೇಡ."

ಮೂರನೆಯ ದೋಣಿಯವನು ತನ್ನ ಹೆಸರು ಹೇಳಿದ. ಕಾವಲುಗಾರ ಪೆನ್ನು ಹಿಡಿದುಕೊಂಡು ಕೂತ. ಇನ್ನೂ ಹನ್ನೊಂದು ದೋಣಿಗಳಿದ್ದವು.