ಕಿಟಕಿ ಪಕ್ಕದ ಹಾಸಿಗೆ

ಅಪ್ಪ ಆಸ್ಪತ್ರೆಯ ವಾರ್ಡಿನೊಳಗೆ ಕಾಲಿಟ್ಟಿದ್ದೇ ತಡ, ಮಗಳು ತೊಡೆಯ ಮೇಲಿದ್ದ ಹಾಳೆಯನ್ನು ಮಗುಚಿ ಹಾಕಿ ಅದರ ಮೇಲೆ ಅಂಗೈ ಊರಿದಳು. ಅಂಗೈ ಚಿಕ್ಕದು, ಹಾಳೆ ದೊಡ್ಡದು. ನೀಲಿ ಬಣ್ಣ ಹಿಂಬದಿಗೂ ಒಸರಿದ್ದು ಅಂಚಿನಲ್ಲಿ ಕಾಣುತ್ತಿತ್ತು.

"ಏನು ಬಿಡಿಸಿದ್ದು?"

"ಏನಿಲ್ಲ."

"ತೋರಿಸು, ನೋಡೋಣ."

"ಇನ್ನೂ ಮುಗಿದಿಲ್ಲ ಅಪ್ಪ. ಮೊದಲು ಟೀಚರ್‌ಗೆ ತೋರಿಸಬೇಕು."

"ಆಗಲಿ ಮಹಾರಾಣಿಯವರೇ," ಎಂದು ಅವನು ನಕ್ಕು, ತಂದಿದ್ದ ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟ. ನಗು ಮುಖದ ಮೇಲಷ್ಟೇ ಇತ್ತು. 'ಮೊದಲು ಟೀಚರ್‌ಗೆ' ಎಂಬ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲಿ ಸಿಕ್ಕಿಕೊಂಡು, ಸಂಜೆಯವರೆಗೂ ಮೇಲೂ ಬರಲಿಲ್ಲ, ಕೆಳಗೂ ಇಳಿಯಲಿಲ್ಲ.

ಅವನು ಬೋರ್ಡು ಬರೆಯುವವನು. ಅಂಗಡಿ ಬೀದಿಯ ಅರ್ಧದಷ್ಟು ಬೋರ್ಡುಗಳು ಅವನ ಕೈಯವೇ. ನೇರ ಗೆರೆ ಬೇಕೆಂದರೆ ಸುಣ್ಣದ ಪುಡಿ ಸವರಿದ ದಾರವನ್ನು ಬಿಗಿಯಾಗಿ ಎಳೆದು ಒಮ್ಮೆ ಮೀಟಿದರೆ ಮುಗಿಯಿತು. ಆ ದಾರದ ಇನ್ನೊಂದು ತುದಿಯನ್ನು ಮಗಳು ಐದನೇ ವರ್ಷದಿಂದ ಹಿಡಿದುಕೊಂಡು ಬಂದಿದ್ದಳು. ಅಪ್ಪ ಅಕ್ಷರದ ಅಂಚು ಎಳೆದರೆ ಮಗಳು ಒಳಗಿನ ಜಾಗಕ್ಕೆ ಬಣ್ಣ ತುಂಬುತ್ತಿದ್ದಳು. ಅದಕ್ಕೆ ಅವರಿಬ್ಬರೂ 'ಅಕ್ಷರಕ್ಕೆ ಊಟ ಹಾಕೋದು' ಎನ್ನುತ್ತಿದ್ದರು. "ಇವತ್ತು ಎಷ್ಟು ಜನಕ್ಕೆ ಊಟ ಹಾಕಿದೆ?" ಎಂದು ಅಮ್ಮ ಕೇಳಿದರೆ, "ಹದಿನಾಲ್ಕು ಜನಕ್ಕೆ. ಒಬ್ಬ ತುಂಬಾ ದಪ್ಪ ಇದ್ದ," ಎಂದು ಹೇಳುತ್ತಿದ್ದಳು.

ನಾಲ್ಕು ತಿಂಗಳ ಹಿಂದೆ, ಒಂಬತ್ತು ತುಂಬಿದ ವಾರವೇ, ಅವಳಿಗೆ ರಕ್ತದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಔಷಧಿ ಶುರುವಾದ ಮೇಲೆ ಅವಳಿಗೆ ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ವಾಸನೆ ಸೇರದಾಯಿತು. ಅಪ್ಪ ಬಾಗಿಲಿಗೆ ಬಂದರೆ ಸಾಕು, ಹೊಟ್ಟೆ ತೊಳೆಸಿ ವಾಂತಿಯಾಗುತ್ತಿತ್ತು. ಅವನು ಎರಡೆರಡು ಸಲ ಸ್ನಾನ ಮಾಡಿದ, ಉಗುರಿನ ಸಂದಿಯನ್ನು ರಕ್ತ ಬರುವಷ್ಟು ಉಜ್ಜಿದ, ಕೊನೆಗೆ ಕೆಲಸವನ್ನೆಲ್ಲ ಜೊತೆಗಾರನಿಗೆ ಒಪ್ಪಿಸಿ ಬ್ರಷ್ಷುಗಳನ್ನು ಕಟ್ಟಿಟ್ಟ. ಸರಿಯಾಗಿ ಅದೇ ಹೊತ್ತಿಗೆ ಚಿತ್ರದ ಟೀಚರ್ ಬಂದರು, ವಾಸನೆಯೇ ಇಲ್ಲದ ಬಣ್ಣಗಳ ಪೆಟ್ಟಿಗೆ ಹಿಡಿದುಕೊಂಡು.

ಚಿತ್ರದ ಕೋಣೆ ವಾರ್ಡಿನ ತುದಿಯಲ್ಲಿತ್ತು. ವಾರಕ್ಕೆ ಮೂರು ದಿನ, ಒಂದೊಂದು ಗಂಟೆ. ತಂದೆ ತಾಯಿಗೆ ಪ್ರವೇಶವಿಲ್ಲ. "ಅಲ್ಲಿ ಚಿತ್ರ ಕಲಿಸಲ್ಲ," ಎಂದು ಡಾಕ್ಟರು ಮೊದಲೇ ವಿವರಿಸಿದ್ದರು. "ಮಕ್ಕಳ ಮನಸ್ಸಲ್ಲಿ ಇರೋದು ಹಾಗಾದ್ರೂ ಹೊರಗೆ ಬರಲಿ ಅಂತ. ಇದೂ ಚಿಕಿತ್ಸೆನೇ." ಅವನು ತಲೆಯಾಡಿಸಿದ್ದ. ಆದರೆ ಗಂಟೆ ಕಳೆದು ಹೊರಬರುವ ಮಗಳ ಕೆನ್ನೆಯಲ್ಲಿ ತಾನು ನಾಲ್ಕು ತಿಂಗಳಿಂದ ಕಾಣದ ಕಳೆ ಕಂಡಾಗ ಅವನಿಗೆ ಸಂತೋಷಕ್ಕಿಂತ ಮೊದಲು ಬೇರೇನೋ ಆಗುತ್ತಿತ್ತು. ರಾತ್ರಿಯಿಡೀ ಬೆನ್ನು ನೀವಿದ್ದು ತಾನು. ವಾಂತಿ ಬಾಚಿದ್ದು ತಾನು. ಕಳೆ ತರಿಸಿದ್ದು ಇನ್ನೊಬ್ಬರು.

"ಆಯಮ್ಮನಿಗೆ ನೆಟ್ಟಗೆ ಒಂದು ಗೆರೆ ಎಳೆಯೋಕೆ ಬರಲ್ಲ," ಎಂದು ಫೋನಿನಲ್ಲಿ ಹೆಂಡತಿಗೆ ಹೇಳಿದ. ಹತ್ತು ತಿಂಗಳ ಕೂಸಿಗೆ ನೆಗಡಿಯಾಗಿದ್ದರಿಂದ ಅವಳು ಎರಡು ವಾರದಿಂದ ಆಸ್ಪತ್ರೆಯ ಕಡೆ ಬರುವಂತಿರಲಿಲ್ಲ.

"ನಿಮಗೆ ಹೊಟ್ಟೆಕಿಚ್ಚು ಕಣ್ರೀ."

"ನನಗಾ? ಒಬ್ಬ ಟೀಚರ್ ಮೇಲಾ?"

"ಹೂಂ. ಪಾಪು ಹುಟ್ಟಿದಾಗ ಇವಳು ತುಟಿ ಉಬ್ಬಿಸಿಕೊಂಡು ಓಡಾಡ್ತಿದ್ದಳಲ್ಲ, ಥೇಟ್ ಹಾಗೇ ಮಾಡ್ತಿದ್ದೀರ."

ಅವನು ಏನೋ ಒಂದು ನೆಪ ಹೇಳಿ ಫೋನಿಟ್ಟ.

ಮಗಳಿಗೆ ವಾರ್ಡಿನಲ್ಲಿ ಒಬ್ಬ ಗೆಳೆಯನಿದ್ದ. ಕಿಟಕಿ ಪಕ್ಕದ ಹಾಸಿಗೆಯ ಹತ್ತು ವರ್ಷದ ಹುಡುಗ. ಕೂದಲೆಲ್ಲ ಉದುರಿ ಮಿರಿಮಿರಿ ಮಿಂಚುವ ಅವನ ತಲೆ ನೋಡಿ ಅವಳು 'ಬಲ್ಬು' ಎಂದು ಹೆಸರಿಟ್ಟಿದ್ದಳು. ಜೋಕು ಹೇಳಿದರೆ ಅರ್ಧ ನಿಮಿಷ ತಡವಾಗಿ ನಗುವ ಅವಳನ್ನು ಅವನು 'ಟ್ಯೂಬ್‌ಲೈಟು' ಎನ್ನುತ್ತಿದ್ದ. ಮೂರು ವಾರದ ಕೆಳಗೆ ಒಂದು ಬೆಳಗ್ಗೆ, ಅವಳಿನ್ನೂ ಮಲಗಿದ್ದಾಗ, ಬಲ್ಬುವನ್ನು ತುರ್ತಾಗಿ ಕೆಳಗಿನ ಮಹಡಿಯ ಐಸಿಯುಗೆ ಕರೆದೊಯ್ದರು. ಅವನು ಮರಳಿ ಬರಲಿಲ್ಲ. ಎದ್ದವಳು ಖಾಲಿ ಹಾಸಿಗೆ ನೋಡಿ ಕೇಳಿದಾಗ, "ಹುಷಾರಾಗಿ ಮನೆಗೆ ಹೋದ," ಎಂದುಬಿಟ್ಟಿದ್ದ ಅಪ್ಪ. ಬರೀ ಅಷ್ಟಕ್ಕೆ ನಿಲ್ಲಿಸಲಿಲ್ಲ. ಅವರ ಮಾವ ಅವನಿಗೆ ಸೈಕಲ್ ತಂದುಕೊಟ್ಟಿದ್ದಾರಂತೆ, ಕೆಂಪು ಬಣ್ಣದ್ದಂತೆ, ಬೆಲ್ ಕೂಡ ಇದೆಯಂತೆ ಎಂದೆಲ್ಲ ಸೇರಿಸಿದ್ದ. ಮಗಳು ಪೂರ್ತಿ ಕೇಳಿಸಿಕೊಂಡು "ಓ" ಎಂದಿದ್ದಳು.

ಹಾಳೆ ಮಗುಚಿದ ಮಾರನೆಯ ದಿನ ಅವಳ ಬೆನ್ನಿಗೆ ಸೂಜಿ ಚುಚ್ಚಿ ಔಷಧಿ ಕೊಡುವುದಿತ್ತು. ಅರಿವಳಿಕೆ ಕೊಟ್ಟು ಕರೆದೊಯ್ದರು. ಹಿಂದಿರುಗಲು ಎರಡು ಗಂಟೆಯಾಗುತ್ತದೆ ಎಂದರು ನರ್ಸು. ಕೈಕೆಲಸವಿಲ್ಲದೆ ಕುಳಿತ ಅವನು ಹಾಸಿಗೆ ಸರಿಮಾಡಲು ಹೋದ. ದಿಂಬಿನ ಕೆಳಗೆ ಆ ಹಾಳೆ ಸಿಕ್ಕಿತು.

ವಾರ್ಡಿನ ಚಿತ್ರ. ಆರು ಹಾಸಿಗೆ. ಒಂದಕ್ಕೂ ಕಾಲು ನೆಟ್ಟಗಿಲ್ಲ. ನೆರೆಯಲ್ಲಿ ತೇಲಿ ಬಂದ ಹಾಗೆ ಒಂದೊಂದು ಒಂದೊಂದು ಕಡೆ ವಾಲಿತ್ತು. ಐದರಲ್ಲಿ ಮಕ್ಕಳು ಮಲಗಿದ್ದರು. ಆರನೆಯದರಲ್ಲಿ ಯಾರೂ ಇರಲಿಲ್ಲ. ದಾರ ಮೀಟಿ ಗೆರೆ ಎಳೆಯುವುದನ್ನು ನೋಡಿ ಬೆಳೆದ ಮಗು ಎಳೆಯುವ ಗೆರೆಯೇ ಇದು? ಇಷ್ಟು ದಿನ ಆ ಟೀಚರ್ ಮಾಡಿದ್ದೇನು? ಪಕ್ಕದಲ್ಲೇ ಬಣ್ಣದ ಪೆನ್ಸಿಲ್ಲಿನ ಡಬ್ಬಿಯಿತ್ತು. ಒಂದೇ ಒಂದು ಕಾಲನ್ನು ಸರಿ ಮಾಡೋಣ ಎಂದುಕೊಂಡು ಎತ್ತಿಕೊಂಡ.

ಎಷ್ಟೋ ದಿನದ ಮೇಲೆ ಕೈಗೆ ಕೆಲಸ ಸಿಕ್ಕಿತ್ತು. ಹಾಸಿಗೆಗಳೆಲ್ಲ ಸಾಲಿಗೆ ಬಂದವು. ಅವುಗಳಡಿ ನೆರಳು ಬಿತ್ತು. ಕಿಟಕಿಗೆ ಚೌಕಟ್ಟು ಕೂತಿತು. ಕೊನೆಗೆ ಉಳಿದದ್ದು ಕಿಟಕಿ ಪಕ್ಕದ ಆ ಖಾಲಿ ಹಾಸಿಗೆ. ಮುಗಿದಿಲ್ಲ ಎಂದಿದ್ದಳಲ್ಲ, ಇದೇ ಇರಬೇಕು. ಅಲ್ಲಿ ಬಲ್ಬುವನ್ನು ಕೂರಿಸಿದ. ದುಂಡು ತಲೆ, ಅಗಲ ಕಿವಿ, ಒಂದು ಹಲ್ಲಿಲ್ಲದ ನಗು. ಹುಡುಗ ಕರೆದರೆ ಓಗೊಡುವಂತಿದ್ದ. ಹಾಳೆಯನ್ನು ದೂರ ಹಿಡಿದು ನೋಡಿ, ಈಗ ತೋರಿಸಲಿ ಆ ಟೀಚರ್‌ಗೆ, ಎಂದುಕೊಂಡ.

ಸಂಜೆ ಮಂಪರು ಇಳಿದ ಮೇಲೆ ಮಗಳು ದಿಂಬಿನ ಕೆಳಗೆ ಕೈ ಹಾಕಿ ಹಾಳೆ ತೆಗೆದಳು. ಬಹಳ ಹೊತ್ತು ನೋಡಿದಳು.

"ಯಾರು ಮಾಡಿದ್ದು?"

"ನಾನೇ. ಹೇಗಿದೆ?"

ಅವಳು ಹಾಳೆಯನ್ನು ಮಧ್ಯಕ್ಕೆ ಮಡಿಸಿದಳು. ಮತ್ತೆ ಮಡಿಸಿದಳು. ಇನ್ನು ಮಡಿಸಲಾಗದಷ್ಟು ದಪ್ಪವಾದಾಗ ಅದನ್ನು ಅಪ್ಪನ ಕೈಯಲ್ಲಿಟ್ಟಳು. "ಚೆನ್ನಾಗಿದೆ," ಎಂದು ಗೋಡೆಯ ಕಡೆ ಹೊರಳಿದಳು.

ಮರುದಿನ ಚಿತ್ರದ ಕೋಣೆಗೆ ಹೋಗಲಿಲ್ಲ. ಬೆನ್ನು ನೋವು ಅಂದಳು. ಹೇಳಲು ನಾಚಿಕೆಯಾಗಬೇಕಾದ ಮಾತು, ಅವನಿಗೆ ಅಂದು ಒಳಗೊಳಗೇ ಖುಷಿಯಾಯಿತು. ಇಡೀ ಗಂಟೆ ಮಗಳು ತನ್ನವಳು ಎಂದು ಕುರ್ಚಿ ಹತ್ತಿರ ಎಳೆದುಕೊಂಡು ಕುಳಿತ. ಅವಳು ಅವನ ಕಡೆ ತಿರುಗಲೇ ಇಲ್ಲ. ಮೂರನೆಯ ದಿನ ಊಟ ಬಿಟ್ಟಳು. ನರ್ಸು ಕೇಳಿದರೆ ಹೂಂ, ಉಹೂಂ. ಅವನು ಕೇಳಿದರೆ ಅದೂ ಇಲ್ಲ.

ಅಂದು ಮಧ್ಯಾಹ್ನ ನೀರು ಹಿಡಿಯಲು ಹೊರಗೆ ಬಂದವನ ಎದುರು ಟೀಚರ್ ನಿಂತಿದ್ದರು. ನಲವತ್ತರ ಆಸುಪಾಸಿನ ಹೆಂಗಸು, ಗಿಡ್ಡ ಕೂದಲು, ಅಂಗಿಯ ತೋಳಿನ ತುಂಬ ಬಣ್ಣದ ಕಲೆ. "ಏನಾಯ್ತು ಅವಳಿಗೆ?" ಎಂದರು.

ಅವನು ಜೇಬಿನಿಂದ ಮಡಿಸಿದ ಆ ಹಾಳೆಯನ್ನು ತೆಗೆದುಕೊಟ್ಟ. ಟೀಚರ್ ಬಿಡಿಸಿ ನೋಡಿದರು.

"ನಾನು ಸರಿ ಮಾಡಿದೆ. ಗೆರೆಯೆಲ್ಲ ಸೊಟ್ಟ ಇತ್ತು. ನೀವು ಹೇಳಿಕೊಡಲ್ವಲ್ಲ, ಅದಕ್ಕೆ."

ಅವರು ಸಿಟ್ಟಾಗಲಿಲ್ಲ. ಅದೂ ಅವನಿಗೆ ಸಹಿಸಲಾಗಲಿಲ್ಲ.

"ಈ ಹುಡುಗನ್ನೂ ನೀವೇ ಬರೆದಿದ್ದಾ?"

"ಹೌದು. ಆ ಹಾಸಿಗೆ ಅವಳು ಮುಗಿಸಿರಲಿಲ್ಲ."

"ಅವನ ಬಗ್ಗೆ ನೀವು ಅವಳಿಗೆ ಏನಂತ ಹೇಳಿದ್ದೀರ?"

"ಮನೆಗೆ ಹೋದ ಅಂತ."

ಟೀಚರ್ ಹಾಳೆಯಲ್ಲಿದ್ದ ಆ ಹುಡುಗನನ್ನೇ ಮತ್ತೊಮ್ಮೆ ನೋಡಿದರು. ನಲ್ಲಿಯ ಕೆಳಗಿನ ಬಾಟಲಿ ತುಂಬಿ ನೀರು ಚೆಲ್ಲುತ್ತಿತ್ತು. ಅವನು ಬಾಗಿ ನಲ್ಲಿ ನಿಲ್ಲಿಸಿದ.

"ಅವಳಿಗೆ ಗೊತ್ತಾ?"

"ಕೋಣೆಯಲ್ಲಿ ಅವಳು ಹೇಳಿದ್ದನ್ನ ನಾನು ಹೇಳೋ ಹಾಗಿಲ್ಲ. ನೀವೇ ಕೇಳಿ."

"ನಿಮಗೆ ಹೇಳಿದ್ದಾಳೆ." ಅವನ ದನಿ ಏರಿತು. "ನಾಲ್ಕು ತಿಂಗಳಾಯ್ತು ನಾನು ಮನೆಯಲ್ಲಿ ಮಲಗಿ. ವಾರಕ್ಕೆ ಮೂರು ಗಂಟೆ ಬರೋ ನಿಮಗೆ ಹೇಳ್ತಾಳೆ, ನನಗೆ ಹೇಳಲ್ಲ. ಯಾಕೆ? ನಾನೇನು ಕಡಿಮೆ ಮಾಡಿದ್ದೀನಿ?"

"ಏನೂ ಕಡಿಮೆ ಮಾಡಿಲ್ಲ," ಎಂದರು ಟೀಚರ್. "ನನ್ನ ಮುಂದೆ ಅತ್ತರೆ ನನಗೇನೂ ಆಗಲ್ಲ, ಮನೆಗೆ ಹೋಗಿ ಊಟ ಮಾಡಿ ಮಲಗ್ತೀನಿ ಅಂತ ಅವಳಿಗೆ ಗೊತ್ತು. ನಿಮ್ಮ ವಿಷಯದಲ್ಲಿ ಅವಳಿಗೆ ಆ ಧೈರ್ಯ ಇಲ್ಲ."

ಅವನು ಹಾಳೆಯನ್ನು ವಾಪಸು ಇಸಿದುಕೊಂಡು ಹೋದ. ಮಗಳು ಕಣ್ಣು ಬಿಟ್ಟೇ ಮಲಗಿದ್ದಳು. ಕುರ್ಚಿಯಲ್ಲಿ ಕುಳಿತರೆ ಮಾತು ಬರಲಿಕ್ಕಿಲ್ಲ ಎನಿಸಿ ಹಾಸಿಗೆಯ ಅಂಚಿನಲ್ಲೇ ಕುಳಿತ.

"ಬಲ್ಬು ಮನೆಗೆ ಹೋಗಲಿಲ್ಲ ಪುಟ್ಟಿ."

"ಗೊತ್ತು."

"ಹೇಗೆ ಗೊತ್ತು?"

"ಅವನ ಚಪ್ಪಲಿ ಮಂಚದ ಕೆಳಗೇ ಇತ್ತು. ಎರಡು ದಿನ ಇತ್ತು. ಆಮೇಲೆ ಅವರಮ್ಮ ಬಂದು, ಚಪ್ಪಲಿ ಮಾತ್ರ ತಗೊಂಡು ಹೋದ್ರು. ನೀನು ಆಗ ಔಷಧಿ ತರೋಕೆ ಹೋಗಿದ್ದೆ."

"ನನ್ನ ಯಾಕೆ ಕೇಳಲಿಲ್ಲ?"

"ನೀನು ಸೈಕಲ್ ಅಂದೆ. ಬೆಲ್ ಇದೆ ಅಂದೆ." ಅವಳು ಹೊದಿಕೆಯ ಅಂಚಿನ ದಾರ ಕೀಳತೊಡಗಿದಳು. "ಅಷ್ಟೆಲ್ಲ ಹೇಳಿದ ಮೇಲೆ ಹೇಗೆ ಕೇಳೋದು?"

ಅವನು ಆ ದಾರವನ್ನು ಅವಳ ಬೆರಳಿನಿಂದ ಬಿಡಿಸಿದ. ಅವಳೇ ಮುಂದುವರಿಸಿದಳು.

"ಅವನಿಗೆ ನೋವಾಯ್ತಾ?"

"ನನಗೆ ಗೊತ್ತಿಲ್ಲ. ಅವರಮ್ಮ ಪಕ್ಕದಲ್ಲೇ ಇದ್ದರಂತೆ. ಅಷ್ಟು ಮಾತ್ರ ಗೊತ್ತು."

"ನನಗೂ ಹಾಗೆ ಆಗುತ್ತಾ?"

ನಾಲ್ಕು ತಿಂಗಳಿಂದ ಈ ಪ್ರಶ್ನೆಗೆ ಅವನು ಎಷ್ಟೋ ಉತ್ತರ ಕಟ್ಟಿಟ್ಟುಕೊಂಡಿದ್ದ. ಒಂದೊಂದರಲ್ಲೂ ಒಂದೊಂದು ಸೈಕಲ್ ಇತ್ತು.

"ಔಷಧಿ ಚೆನ್ನಾಗಿ ಹಿಡಿತಾ ಇದೆ ಅಂತಾರೆ ಡಾಕ್ಟ್ರು. ಅದು ಸುಳ್ಳಲ್ಲ, ಬೇಕಾದ್ರೆ ಅವರನ್ನೇ ಕೇಳು. ಆದ್ರೂ ನನಗೆ ಭಯ ಇದೆ."

"ತುಂಬಾನಾ?"

"ತುಂಬಾ."

ಮಗಳು ಅವನ ಮುಖವನ್ನೇ ನೋಡಿದಳು. ಆಮೇಲೆ ಅವನ ತೊಡೆಯ ಮೇಲೆ ತಲೆಯಿಟ್ಟು, ಮೊದಲು ಸದ್ದಿಲ್ಲದೆ, ಆಮೇಲೆ ಬಿಕ್ಕಿಬಿಕ್ಕಿ ಅತ್ತಳು. ಅವನೂ ಅತ್ತ. ಔಷಧಿಯ ತಳ್ಳುಗಾಡಿ ತಂದ ನರ್ಸು ಅವರನ್ನು ನೋಡಿ ಬಾಗಿಲಲ್ಲೇ ತಿರುಗಿಸಿಕೊಂಡು ಪಕ್ಕದ ಕೋಣೆಗೆ ಮೊದಲು ಹೋದರು.

ಅಳು ಮುಗಿದ ಮೇಲೆ ಅವಳಿಗೆ ಹಸಿವಾಯಿತು. ಡಬ್ಬಿಯಲ್ಲಿದ್ದ ಅನ್ನವನ್ನು ಮುಕ್ಕಾಲು ಪಾಲು ತಿಂದಳು. ಇನ್ನು ಸಂಜೆಯವರೆಗೂ ಇಬ್ಬರೂ ಮಾತಾಡಬಹುದು, ಎಲ್ಲವನ್ನೂ ತನಗೇ ಹೇಳುತ್ತಾಳೆ ಎಂದು ಅವನು ಡಬ್ಬಿ ತೊಳೆಯುತ್ತ ಯೋಚಿಸುತ್ತಿದ್ದ. ಬರುವಷ್ಟರಲ್ಲಿ ಅವಳು ಮಾಸ್ಕ್ ಕಟ್ಟಿಕೊಂಡು ಚಪ್ಪಲಿಗಾಗಿ ಕಾಲಾಡಿಸುತ್ತಿದ್ದಳು.

"ಎಲ್ಲಿಗೆ?"

"ಟೀಚರ್ ಹತ್ರ. ಇವತ್ತು ಇದೆಯಲ್ಲ."

"ಸುಸ್ತಾಗಲ್ವಾ?"

"ಇಲ್ಲ. ಹೊಸ ಹಾಳೆ ಬೇಕು ನನಗೆ."

ಅವನು ಡ್ರಿಪ್ ಸ್ಟ್ಯಾಂಡನ್ನು ತಳ್ಳಿಕೊಂಡು ಅವಳ ನಡಿಗೆಗೆ ತಕ್ಕಂತೆ ನಡೆದ. ಕೋಣೆಯ ಮುಂದೆ ಅವಳು ಸ್ಟ್ಯಾಂಡನ್ನು ತನ್ನ ಕೈಗೆ ತೆಗೆದುಕೊಂಡಳು. "ಇಲ್ಲಿಂದ ನಾನೇ ಹೋಗ್ತೀನಿ," ಎಂದು ಭುಜದಿಂದ ಬಾಗಿಲು ನೂಕಿ ಒಳಗೆ ಹೋದಳು.

ಹೊರಗಿನ ಬೆಂಚಿನಲ್ಲಿ ಅವನು ಕುಳಿತ. ಸ್ವಲ್ಪ ಹೊತ್ತಿಗೆ ಒಬ್ಬ ತಾಯಿ ತನ್ನ ಮಗನನ್ನು ಒಳಗೆ ಬಿಟ್ಟು, ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತಳು. ಹೊಸಬಳು, ಕೈಯಲ್ಲಿನ ಕಡತ ಇನ್ನೂ ತೆಳ್ಳಗಿತ್ತು.

"ಒಳಗೆ ಏನು ಮಾಡಿಸ್ತಾರೆ ಅಣ್ಣ?"

"ಚಿತ್ರ ಬಿಡಿಸ್ತಾರೆ."

"ನಿಮ್ಮ ಮಗು ಚೆನ್ನಾಗಿ ಬಿಡಿಸುತ್ತಾ?"

ಒಳಗಿನಿಂದ ಟೀಚರ್ ಏನೋ ಹೇಳಿದ್ದು ಅಸ್ಪಷ್ಟವಾಗಿ ಕೇಳಿತು. ಅರ್ಧ ನಿಮಿಷದ ಮೇಲೆ ಮಗಳು ನಕ್ಕಳು. ಅವನ ಎದೆಯಲ್ಲಿ ಏನೋ ಚುರ್ರೆಂದಿತು.

"ಗೊತ್ತಿಲ್ಲಮ್ಮ," ಎಂದ. "ಅವಳು ನನಗೆ ತೋರಿಸಲ್ಲ."

ಆ ತಾಯಿ ಇನ್ನೂ ನಿಂತೇ ಇದ್ದಳು. ಅವನು ಬೆಂಚಿನಲ್ಲಿ ಒಂದಿಷ್ಟು ಸರಿದು ಜಾಗ ಮಾಡಿಕೊಟ್ಟ.